ಮೂರು ಗಂಟೆಯೊಳಗೆ ತೂತುಕುಡಿ

ಹಡಗು ನಡೆಸುವ ತಂಡೇಲನ ಫೋನು ಬಂದಾಗ ಅಮಲಿ ಅಂಗಳದಲ್ಲಿ ಮೀನಿನ ಹುರುಪೆ ಹೆರೆಯುತ್ತಿದ್ದಳು.

"ನಿನ್ನ ಗಂಡ ನಾವಿಕನ ಪುಸ್ತಕ ಮನೇಲೇ ಬಿಟ್ಟು ಬಂದಿದಾನೆ. ಮೂರು ಗಂಟೆಯೊಳಗೆ ಅದು ಇಲ್ಲಿರಬೇಕು. ನಾಲ್ಕಕ್ಕೆ ಹಗ್ಗ ಬಿಚ್ತೀವಿ. ಪುಸ್ತಕ ಇಲ್ದೋನನ್ನ ನಾನು ಹತ್ತಿಸ್ಕೊಳ್ಳಲ್ಲ," ಎಂದು ಹೇಳಿ ತಂಡೇಲ ಫೋನಿಟ್ಟ.

ಗಂಡ ದಸ್ನೇವಿಸ್‌ಗೆ ಫೋನು ಮಾಡಿದರೆ ಅದು ಸತ್ತಿತ್ತು. ಹತ್ತು ದಿನ ಮಣಪ್ಪಾಡಿನ ಮನೆಯಲ್ಲಿದ್ದು, ಎರಡು ದಿನದ ಹಿಂದಷ್ಟೇ ಅವನು ತೂತುಕುಡಿಗೆ ಹೋಗಿದ್ದ. ಈರುಳ್ಳಿ, ಹೆಂಚು ಹೇರಿಕೊಂಡು ಮಾಲ್ಡೀವ್ಸಿಗೆ ಹೋಗುವ ಮರದ ಹಡಗಿನಲ್ಲಿ ಅವನ ಕೆಲಸ. ಇನ್ನು ಮೂರು ಪ್ರಯಾಣ ಮುಗಿದರೆ ತೂತುಕುಡಿಯಲ್ಲೇ ಒಂದು ಮನೆ ಹಿಡಿಯುವುದು, ಅತ್ತೆಯ ಒಲೆಯಿಂದ ತನ್ನ ಒಲೆ ಬೇರೆ ಮಾಡುವುದು ಎಂದು ಅಮಲಿ ಲೆಕ್ಕ ಹಾಕಿದ್ದಳು. ಮದುವೆಯಾಗಿ ಎರಡು ವರ್ಷದಲ್ಲಿ ಅತ್ತೆ ಸೇಸಮ್ಮಾಳ್ ಅವಳ ಕೈಯ ಸಾರನ್ನು ಒಮ್ಮೆಯೂ ಮುಖ ಸಿಂಡರಿಸದೆ ಉಂಡಿರಲಿಲ್ಲ.

ಅವಳು ಪೆಟ್ಟಿಗೆ ಹುಡುಕಿದಳು, ದೇವಮಾತೆಯ ಪಟದ ಹಿಂದೆ ಹುಡುಕಿದಳು. ಕೊನೆಗೆ ಅನುಮಾನ ಬಂದು ಅಕ್ಕಿಯ ಡಬ್ಬವನ್ನೇ ಬೋರಲು ಹಾಕಿದಳು. ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಪುಸ್ತಕ ನೆಲಕ್ಕೆ ಬಿತ್ತು. ಡಬ್ಬದ ಬೀಗದ ಕೈ ಇರುತ್ತಿದ್ದದ್ದು ಅತ್ತೆಯ ಸೊಂಟದಲ್ಲಿ. ಇವತ್ತು ಇಗರ್ಜಿಗೆ ಹೋಗುವ ಅವಸರದಲ್ಲಿ ಆಕೆ ಬೀಗ ಹಾಕುವುದನ್ನು ಮರೆತಿದ್ದಳು. ಅಮಲಿಯ ಮೈ ಉರಿದುಹೋಯಿತು. ಚೆಲ್ಲಿದ ಅಕ್ಕಿಯನ್ನು ಹಾಗೇ ಬಿಟ್ಟು, ಪುಸ್ತಕವನ್ನು ರವಿಕೆಯೊಳಗೆ ಸಿಕ್ಕಿಸಿಕೊಂಡು ಬಸ್ಸಿನ ನಿಲ್ದಾಣಕ್ಕೆ ಓಡಿದಳು.

ತಿರುಚೆಂದೂರಿನಲ್ಲಿ ತೂತುಕುಡಿಯ ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂತಿದ್ದಾಗ ಸೇಸಮ್ಮಾಳ್ ಏದುಸಿರು ಬಿಡುತ್ತ ಹತ್ತಿದಳು. ಮನೆಯಲ್ಲಿ ಚೆಲ್ಲಿದ ಅಕ್ಕಿ ಕಂಡು ಬೆನ್ನಿಗೇ ಮುಂದಿನ ಬಸ್ಸು ಹಿಡಿದಿರಬೇಕು. ಇಗರ್ಜಿಯ ಬಿಳಿ ಮುಸುಕು ಇನ್ನೂ ತಲೆಯ ಮೇಲಿತ್ತು.

"ಕೊಡು ಇಲ್ಲಿ."

"ಏನನ್ನ?"

"ಕದ್ದು ತಂದದ್ದನ್ನ."

"ನನ್ನ ಗಂಡನ ಪುಸ್ತಕವನ್ನ ಅಕ್ಕಿಯೊಳಗೆ ಹೂತಿಟ್ಟಿದ್ದು ಯಾರು ಅತ್ತೆ? ನಾನಾ ಕಳ್ಳಿ?"

"ಅವನು ನಿನಗೆ ಗಂಡ ಆಗೋಕೆ ಇಪ್ಪತ್ತೈದು ವರ್ಷ ಮುಂಚೆ ನನಗೆ ಮಗ ಆಗಿದ್ದ."

"ಹಾಗಾದ್ರೆ ಮಗನ ಅನ್ನಕ್ಕೆ ಕಲ್ಲು ಹಾಕ್ತಿದ್ದೀರಿ ಅನ್ನಿ."

"ಅಮ್ಮಾ, ಕೂತ್ಕೊಂಡು ಜಗಳ ಆಡಿ," ಎಂದ ಕಂಡಕ್ಟರು. "ನಿಂತು ಆಡಿದ್ರೂ ಟಿಕೀಟು ಅಷ್ಟೇ."

ಸೇಸಮ್ಮಾಳ್ ಸೊಸೆಯ ಪಕ್ಕದಲ್ಲೇ ಕೂತಳು. ಇಬ್ಬರ ತೊಡೆಗಳೂ ಒತ್ತಿಕೊಂಡಿದ್ದವು. ಅಮಲಿ ಎದೆಯ ಮೇಲೆ ಅಡ್ಡ ಕೈ ಇಟ್ಟು ಕಾವಲು ಕಾಯುತ್ತ ಕಿಟಕಿಯ ಹೊರಗೇ ನೋಡಿದಳು.

ಆತ್ತೂರು ಸೇತುವೆಯ ಮುಂಚೆ ಬಸ್ಸು ನಿಂತಿತು. ಬೆಳಿಗ್ಗೆ ಉಪ್ಪಿನ ಲಾರಿಯೊಂದು ತೋಟಕ್ಕೆ ಹೋಗುತ್ತಿದ್ದ ಹೆಂಗಸಿಗೆ ಬಡಿದು ನಿಲ್ಲಿಸದೆ ಹೋಗಿತ್ತಂತೆ. ಊರವರು ಬಾಳೆಯ ದಿಂಡುಗಳನ್ನು ಕಡಿದು ತಂದು ಸೇತುವೆಗೆ ಅಡ್ಡ ಒಟ್ಟಿದ್ದರು. ನಡೆದು ದಾಟಲು ಹೋದವನೊಬ್ಬನ ಅಂಗಿ ಹಿಡಿದು ನಾಲ್ಕು ಬಿಗಿದು ವಾಪಸು ಕಳಿಸಿದ್ದರು. ಪೊಲೀಸರು ದೂರದಲ್ಲಿ ಜೀಪಿಗೆ ಒರಗಿ ನಿಂತಿದ್ದರು.

"ದೊಡ್ಡ ಅಧಿಕಾರಿ ಬರೋ ತನಕ ಬಿಡಲ್ವಂತೆ. ಸಂಜೆ ಆದ್ರೂ ಆಯ್ತೇ," ಎಂದು ಕಂಡಕ್ಟರು ಚೀಲವನ್ನು ತಲೆಯ ಕೆಳಗಿಟ್ಟುಕೊಂಡು ಹಿಂದಿನ ಸೀಟಿನಲ್ಲಿ ಮಲಗಿದ.

ರೈಲಿನ ಮಾತೆತ್ತಿದವರನ್ನು ನೋಡಿ ಇನ್ನೊಬ್ಬ ನಕ್ಕ. ಹತ್ತಿರದ ನಿಲ್ದಾಣದಿಂದ ರೈಲು ಹೋಗುವುದು ತಿರುನೆಲ್ವೇಲಿಗೆ. ಅಲ್ಲಿಂದ ಮತ್ತೆ ತೂತುಕುಡಿಗೆ ಬರುವಷ್ಟರಲ್ಲಿ ಇವತ್ತಿನ ಸೂರ್ಯ ಮುಳುಗಿರುತ್ತಾನೆ. ವ್ಯಾನಿನವನೊಬ್ಬ ಶ್ರೀವೈಕುಂಠದ ಸೇತುವೆ ಸುತ್ತಿಕೊಂಡು ಹೋಗುತ್ತೇನೆ ಎಂದು ಕೂಗಿದ. ಅಮಲಿ ಹತ್ತಿ ಕೂತಳು. ಸೇಸಮ್ಮಾಳ್ ಕೂಡ ಹತ್ತಿದಳು. ಅಷ್ಟರಲ್ಲಿ ಆಟೋದವರು ವ್ಯಾನಿನ ಮುಂದೆ ಗಾಡಿ ನಿಲ್ಲಿಸಿ, "ನಮ್ಮೂರಲ್ಲಿ ನಿಂತು ನಮ್ಮ ಗಿರಾಕೀನ ತುಂಬ್ಕೊತೀಯೇನೋ? ಇಳಿಸು ಮೊದ್ಲು!" ಎಂದು ಕೀಲಿ ಕಿತ್ತುಕೊಂಡರು. ವ್ಯಾನಿನವನು ಜಾಕಿಯ ಸರಳು ಹಿಡಿದು ಇಳಿದ. ಬೈಗುಳದಲ್ಲೇ ಮುಕ್ಕಾಲು ಗಂಟೆ ಹೋಯಿತು. ಹನ್ನೆರಡೂವರೆಯಾಗಿತ್ತು.

ಸೇಸಮ್ಮಾಳ್ ವ್ಯಾನಿನಿಂದ ಇಳಿದು ಹುಣಸೆ ಮರದ ನೆರಳಲ್ಲಿ ಕಾಲು ಚಾಚಿ ಕೂತಳು. ಅವಳ ಮುಖದಲ್ಲಿ ಬೆಳಗಿನಿಂದ ಇಲ್ಲದಿದ್ದ ಸಮಾಧಾನ ಕಾಣಿಸಿಕೊಂಡಿತ್ತು.

"ಮಾತೆಯೇ ಅಡ್ಡ ನಿಂತಳು. ನಡಿ ಮನೆಗೆ, ಚೆಲ್ಲಿದ ಅಕ್ಕಿ ಬಾಚು."

ಅಮಲಿಗೆ ಹಠ ನೆತ್ತಿಗೇರಿತು. ಅವಳ ತವರು ಪುನ್ನಕಾಯಲ್ ಅಲ್ಲಿಂದ ಹೆಚ್ಚು ದೂರವಿರಲಿಲ್ಲ, ಹೊಳೆ ಕಡಲಿಗೆ ಸೇರುವ ಕಡೆ. ಅಲ್ಲಿ ಅಣ್ಣ ಮಿಕ್ಕೇಲನ ದೋಣಿಯಿತ್ತು. ಅವನು ನೋಡಿದ ಗಂಡನ್ನು ಬಿಟ್ಟು ದಸ್ನೇವಿಸ್‌ನನ್ನು ಕಟ್ಟಿಕೊಂಡಾಗಿನಿಂದ ಅವನು ಅವಳ ಜತೆ ಮಾತು ಬಿಟ್ಟಿದ್ದ. ಅವಳು ಒಂದು ಆಟೋ ಹತ್ತಿದಳು. ಅದು ಹೊರಡುವ ಮುಂಚೆ ಸೇಸಮ್ಮಾಳ್ ಇನ್ನೊಂದು ಕಡೆಯಿಂದ ನುಗ್ಗಿದಳು.

ಮಿಕ್ಕೇಲ್ ದಡದಲ್ಲಿ ಬಲೆ ಬಿಡಿಸುತ್ತಿದ್ದ. ತಂಗಿಯನ್ನು ನೋಡಿ ಎದ್ದೇಳಲಿಲ್ಲ.

"ದಾರಿ ತಪ್ಪಿ ಬಂದ್ಯಾ?"

"ದೋಣಿ ಬೇಕು. ಮೂರು ಗಂಟೆಯೊಳಗೆ ತೂತುಕುಡಿ ಸೇರಬೇಕು." ಅವಳು ವಿಷಯ ಹೇಳಿದಳು.

"ಓಹೋ. ದೋಣಿ ಬೇಕಾದಾಗ ಅಣ್ಣ ನೆನಪಾದ."

"ಕೊಡ್ತೀಯೋ ಇಲ್ವೋ ಹೇಳು. ಬೈಯೋದಿದ್ರೆ ದಾರೀಲಿ ಬೈಕೋ."

ಅವನು ಬಲೆ ಕೊಡವಿ ಎದ್ದ. "ನಿನಗೋಸ್ಕರ ಅಲ್ಲ. ಕಡಲಿಗೆ ಹೋಗೋ ಗಂಡಸು ಪುಸ್ತಕ ಇಲ್ಲ ಅಂತ ದಡದಲ್ಲಿ ನಿಲ್ಲೋದು ನನಗೆ ನೋಡೋಕಾಗಲ್ಲ." ಆಮೇಲೆ ಸೇಸಮ್ಮಾಳ್ ಕಡೆ ಕತ್ತು ತಿರುಗಿಸಿದ. "ಈ ಮುದುಕಿ ಬೇಡ. ಅಲೆ ಜೋರಾಗಿದೆ."

ಮುದುಕಿ ಆಗಲೇ ಸೊಂಟದ ತನಕ ನೀರಿಗಿಳಿದಿದ್ದಳು. ಹದಿನಾರು ವರ್ಷದ ಹಿಂದೆ ಗಂಡನ ಹೆಣವನ್ನು ದೋಣಿಯಿಂದ ಇಳಿಸಿಕೊಂಡ ಮೇಲೆ ಆಕೆ ಯಾವ ದೋಣಿಗೂ ಕಾಲಿಟ್ಟಿರಲಿಲ್ಲ. ಅದು ಮಣಪ್ಪಾಡಿನಲ್ಲಿ ಎಲ್ಲರಿಗೂ ಗೊತ್ತು. ಅಮಲಿಗೂ ಗೊತ್ತಿತ್ತು. ಇಷ್ಟೊಂದು ದ್ವೇಷವೇ ತನ್ನ ಮೇಲೆ, ಎಂದುಕೊಂಡಳು.

ಅಳಿವೆಯ ಬಾಯಲ್ಲಿ ದೋಣಿ ಮುಗುಚುವಂತೆ ಎದ್ದು ಬಿತ್ತು. ಸೇಸಮ್ಮಾಳ್ ಬೆಳಗಿನ ಗಂಜಿಯನ್ನೆಲ್ಲ ಮಡಿಲಿಗೇ ಕಕ್ಕಿಕೊಂಡಳು. ಅಮಲಿ ಅವಳ ಬೆನ್ನು ನೀವಲಿಲ್ಲ. ಅತ್ತೆಯ ಎರಡು ವರ್ಷದ ಚುಚ್ಚುಮಾತುಗಳೆಲ್ಲ ನೆನಪಾಗಿ ಅವಳಿಗೆ ಒಳಗೊಳಗೇ ಹಿತವೆನಿಸಿತು. ದೊಡ್ಡದೊಂದು ಅಲೆ ಬಂದಾಗ ಮುದುಕಿ ಕಣ್ಣು ಮುಚ್ಚಿ ಸೊಸೆಯ ಮುಂಗೈ ಹಿಡಿದಳು. ಅಮಲಿ ಆ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ದೋಣಿಯ ಅಂಚಿನ ಮೇಲೆ ಇಟ್ಟಳು.

"ಪಾಪ ಕಣೇ," ಎಂದ ಮಿಕ್ಕೇಲ್, ಎಂಜಿನ್ನಿನ ಸದ್ದಿನ ಮೇಲೆ.

"ನೀನು ದೋಣಿ ನಡೆಸು."

ಎರಡೂವರೆಗೆ ಅವರು ಹಳೆಯ ಬಂದರಿನ ಕಟ್ಟೆಗೆ ದೋಣಿ ತಾಗಿಸಿದರು. ದಸ್ನೇವಿಸ್ ಈರುಳ್ಳಿ ಮೂಟೆಗಳ ಮೇಲೆ ಕೂತಿದ್ದ. ಅವನ ಕಣ್ಣು ಮೊದಲು ಬಿದ್ದದ್ದು ತಾಯಿಯ ಮೇಲೆ.

"ಅಮ್ಮಾ! ನೀನು ಕಡಲ ಮೇಲೆ ಬಂದ್ಯಾ?"

ಅಮಲಿ ಗೆದ್ದವಳ ಹಾಗೆ ಪುಸ್ತಕ ತೆಗೆದು ಚಾಚಿದಳು. ಅದನ್ನು ಕಂಡದ್ದೇ ಅವನ ಮುಖ ಬಿಳಿಚಿತು. ಕೈ ಮುಂದೆ ಬರಲಿಲ್ಲ.

"ಎಲ್ಲಿ ಸಿಕ್ತು ಇದು?"

"ನನ್ನದೇ ತಪ್ಪು ಮಗಾ," ಎಂದಳು ಸೇಸಮ್ಮಾಳ್, ಒದ್ದೆ ಸೀರೆ ಹಿಂಡುತ್ತ. "ಬೀಗ ಹಾಕೋದು ಮರೆತೆ."

ಅಮಲಿ ಒಮ್ಮೆ ಅವನನ್ನು ನೋಡಿದಳು, ಒಮ್ಮೆ ಅತ್ತೆಯನ್ನು. "ಬಚ್ಚಿಡು ಅಂತ ಹೇಳಿದ್ದು ನೀನಾ?"

ಅವನು ತಲೆ ತಗ್ಗಿಸಿದ. ಆಮೇಲೆ ನೆಲಕ್ಕೇ ಹೇಳುವಂತೆ ಹೇಳಿದ. ಹೋದ ಪ್ರಯಾಣದಲ್ಲಿ ಗಾಳಿ ಎದ್ದ ದಿನ ಜತೆಗಾರ ಸೂಸೈ ನೀರಿಗೆ ಬಿದ್ದಿದ್ದ. ದಸ್ನೇವಿಸ್ ಅವನ ಕೈ ಹಿಡಿದುಕೊಂಡಿದ್ದ, ಬಹಳ ಹೊತ್ತು ಹಿಡಿದುಕೊಂಡಿದ್ದ. ಆಮೇಲೆ ಜಾರಿತು, ತಂಡೇಲ ಹಡಗು ತಿರುಗಿಸಲಿಲ್ಲ. ಪುಸ್ತಕವಿಲ್ಲದಿದ್ದರೆ ತಂಡೇಲನೇ ತನ್ನನ್ನು ಬಿಟ್ಟು ಹೋಗುತ್ತಾನೆ ಎಂದು ಅದನ್ನು ಅಮ್ಮನ ಕೈಗೆ ಕೊಟ್ಟು ಬಂದಿದ್ದ.

"ಸೂಸೈ ಕೆಲಸ ಬಿಟ್ಟು ಹೋದ ಅಂದ್ಯಲ್ಲ!"

"ಅಂದೆ."

"ಹತ್ತು ದಿನ ನನ್ನ ಪಕ್ಕದಲ್ಲಿ ಮಲಗಿದ್ದೆ. ಹೇಳೋಕೆ ಬಾಯಿರಲಿಲ್ವಾ?"

"ನಿನ್ನ ಪಕ್ಕದಲ್ಲಿ ಮಲಗಿದಾಗೆಲ್ಲ ನೀನು ಬೆರಳು ಮಡಿಸಿ ಇನ್ನು ಮೂರೇ ಪ್ರಯಾಣ, ಇನ್ನು ಮೂರೇ ಪ್ರಯಾಣ ಅಂತಿದ್ದೆ. ಯಾವ ಬಾಯಲ್ಲಿ ಹೇಳ್ಲಿ?"

ಅದು ನಿಜವಾಗಿತ್ತು. ನಿಜವಾಗಿದ್ದರಿಂದಲೇ ಅಮಲಿಗೆ ಇನ್ನಷ್ಟು ಸಿಟ್ಟು ಬಂತು. ಬೆಳಗಿನಿಂದ ತನ್ನ ಬಾಯಲ್ಲಿ ಬಂದದ್ದನ್ನೆಲ್ಲ ಕೇಳಿಸಿಕೊಂಡು, ಮಗನ ಹೆಸರು ಹೇಳದೆ, ದೋಣಿಯಲ್ಲಿ ಕಕ್ಕಿಕೊಂಡು ಬಂದ ಮುದುಕಿಯ ಮೇಲೂ ಸಿಟ್ಟು ಬಂತು.

"ಬಂತಾ ಪುಸ್ತಕ?" ತಂಡೇಲ ಹಡಗಿನಿಂದ ಇಳಿದು ಬಂದು ಕೈ ಚಾಚಿದ.

ಅಮಲಿ ಅವನಿಗೆ ಕೊಡಲಿಲ್ಲ. ಗಂಡನ ಕೈ ಎಳೆದು ಅದರಲ್ಲಿ ಪುಸ್ತಕ ತುರುಕಿದಳು. "ನಿನ್ನ ಬಾಯಲ್ಲೇ ಹೇಳು. ಹೋಗ್ತೀಯೋ, ಇಲ್ವೋ."

ದಸ್ನೇವಿಸ್ ಪುಸ್ತಕವನ್ನು ಈರುಳ್ಳಿ ಮೂಟೆಯ ಮೇಲಿಟ್ಟ. "ನಾನು ಬರಲ್ಲ ತಂಡೇಲ್. ನನಗೆ ಹೆದರಿಕೆ."

ಹಡಗಿನ ಮೇಲಿದ್ದವರು ಕೆಲಸ ನಿಲ್ಲಿಸಿ ನೋಡಿದರು. ತಂಡೇಲ ಉಗುಳಿದ. "ಥೂ. ಒಂದಲ್ಲ, ಎರಡು ಸೀರೆಯ ಹಿಂದೆ ಅವಿತ್ಕೋ ಹೋಗು."

"ಸೀರೆಯ ಮಾತು ಆಡಬೇಡ," ಎಂದು ಅಮಲಿ ಅವನ ಮುಖದ ಹತ್ತಿರ ಹೋದಳು. "ಸೂಸೈಯನ್ನ ನೀರಲ್ಲಿ ಬಿಟ್ಟು ಈರುಳ್ಳಿ ಮುಟ್ಟಿಸೋಕೆ ಹೋದೋನು ನೀನು. ಅವನ ಹೆಂಡತಿ ಸೀರೆ ಯಾವ ಬಣ್ಣದ್ದಾಗಿದೆ, ಹೋಗಿ ನೋಡಿದ್ಯಾ?"

ತಂಡೇಲ ತಿರುಗಿ ಹಡಗು ಹತ್ತಿದ. ನಾಲ್ಕಕ್ಕೆ ಸರಿಯಾಗಿ ಹಗ್ಗ ಬಿಚ್ಚಿದರು.

ಸೇತುವೆ ಬಿಟ್ಟರಂತೆ ಎಂದು ಕಟ್ಟೆಯ ಮೇಲೆ ಯಾರೋ ಹೇಳಿದರು. ಸೇಸಮ್ಮಾಳ್ ಬಸ್ಸಿಗೆ ಹೊರಟಳು. ಅಮಲಿ ಅವಳ ಹಿಂದೆ ಹೋಗದೆ ಅಣ್ಣನ ದೋಣಿಗೆ ಇಳಿದಳು.

"ನಾನೂ ಬರ್ಲಾ?" ದಸ್ನೇವಿಸ್ ಕಟ್ಟೆಯ ಅಂಚಿಗೆ ಬಂದು ಕೇಳಿದ.

"ದೋಣಿ ಹತ್ತೋಕೆ ಆಗುತ್ತಾ ನಿನ್ನ ಕೈಲಿ?"

ಕೇಳಿದ ಮೇಲೆ ಎಂಥ ಮಾತು ಆಡಿದೆ ಎಂದು ಅವಳಿಗೆ ಗೊತ್ತಾಯಿತು. ಆದರೆ ವಾಪಸು ತೆಗೆದುಕೊಳ್ಳಲಿಲ್ಲ. ಅವನು ಒಂದು ಕಾಲು ಚಾಚಿ, ನೀರು ನೋಡಿ, ಹಿಂದಕ್ಕೆ ಎಳೆದುಕೊಂಡ. ಮಿಕ್ಕೇಲ್ ಎಂಜಿನ್ನಿನ ಹಗ್ಗ ಎಳೆದ.

ಒಂಬತ್ತನೆಯ ದಿನ ದಸ್ನೇವಿಸ್ ಬಸ್ಸಿನಲ್ಲಿ ಪುನ್ನಕಾಯಲಿಗೆ ಬಂದ. ತಿರುಚೆಂದೂರಿನ ಐಸ್ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿದೆ, ಬಸ್ ನಿಲ್ದಾಣದ ಹಿಂದೆ ಒಂದು ಕೋಣೆ ನೋಡಿದ್ದೇನೆ ಎಂದ. ಅಮಲಿ ಇಡೀ ದಿನ ಅವನನ್ನು ಜಗಲಿಯ ಮೇಲೆ ಕಾಯಿಸಿ, ಸಂಜೆ ಬಟ್ಟೆಯ ಗಂಟು ಹಿಡಿದು ಅವನ ಜತೆ ಹೊರಟಳು.

ಈಗ ಭಾನುವಾರಗಳಲ್ಲಿ ಸೇಸಮ್ಮಾಳ್ ಮೀನು ತೆಗೆದುಕೊಂಡು ಆ ಕೋಣೆಗೆ ಬರುತ್ತಾಳೆ. ಹೊಸ್ತಿಲ ಮೇಲೆ ಪೊಟ್ಟಣ ಇಟ್ಟು ಮಗನ ಜತೆ ಮಾತಾಡುತ್ತಾಳೆ. ಅಮಲಿ ಅದನ್ನು ಸಾರು ಮಾಡಿ ಮೂರು ತಟ್ಟೆಗೆ ಬಡಿಸುತ್ತಾಳೆ.

"ಹುಳಿ ಜಾಸ್ತಿಯಾಗಿದೆ ಅಂತ ಹೇಳು," ಎನ್ನುತ್ತಾಳೆ ಸೇಸಮ್ಮಾಳ್ ಮಗನಿಗೆ.

"ಬೇಡದಿದ್ರೆ ಬಿಡಬಹುದು ಅಂತ ಹೇಳು," ಎನ್ನುತ್ತಾಳೆ ಅಮಲಿ.

ದಸ್ನೇವಿಸ್ ತನ್ನ ತಟ್ಟೆಗೆ ಇನ್ನೊಂದು ಸೌಟು ಸಾರು ಬಡಿಸಿಕೊಂಡು ಉಣ್ಣುತ್ತಾನೆ.