ಮಗ್ಗುಲ ಬೀಗ

“ಮುದಿ ಮುಂಡೆ, ಕೈಗೇನು ಲಕ್ವ ಹೊಡೆದಿದೆಯಾ? ಸಾಹೇಬ್ರು ಬರೋ ಹೊತ್ತಾಯ್ತು, ಬೇಗ ಉಜ್ಜೇ.”

ಧಣಿ ಬೂಟುಗಾಲಿನಿಂದ ಬೀಗದ ಪೆಟ್ಟಿಗೆಯನ್ನು ತಳ್ಳಿದ. ಅರದಕ್ಕ ತಲೆ ಎತ್ತಲಿಲ್ಲ. ಲೋಹ ಉಜ್ಜುವ ಅರ ಹಿಡಿದೇ ಹುಟ್ಟಿದವಳೆಂದು ಜೊತೆಯವರು ಇಟ್ಟ ಹೆಸರು ಅದು. ಇಪ್ಪತ್ತಾರು ವರ್ಷ ಬೀಗದ ಕೈಗಳ ಹಲ್ಲು ಕೊರೆದವಳಿಗೆ ಈಗ ಬೇರೆ ಕೆಲಸ: ಬೀಗದ ಮೇಲಿನ ಪರದೇಶದ ಅಕ್ಷರ ಉಜ್ಜಿ ಅಳಿಸಿ ಧಣಿಯ ಮುದ್ರೆ ಒತ್ತುವುದು. ಹೊರಗಿನ ಸರಕಿಗೆ ದೇಶ ಬಾಗಿಲು ತೆರೆದದ್ದೇ ತಡ, ಧಣಿಗೆ ಬೀಗ ಮಾಡಿಸುವುದಕ್ಕಿಂತ ತರಿಸುವುದೇ ಅಗ್ಗವಾಯಿತು. ಕಾರ್ಖಾನೆಯ ಅರವತ್ತು ಜನರಲ್ಲಿ ಐವತ್ತಾರು ಮಂದಿ ಬೀದಿಗೆ ಬಿದ್ದರು. ಅವಳ ಗಂಡನೂ ಬಿದ್ದ, ಮತ್ತೆ ಏಳಲಿಲ್ಲ. ಮನೆಯಲ್ಲಿ ಹಾಸಿಗೆ ಹಿಡಿದ ಮಗಳಿದ್ದಳು, ಹಾಗಾಗಿ ಅವಳು ಉಗಿದರೆ ಒರೆಸಿಕೊಳ್ಳುವುದನ್ನು ಕಲಿತು ಉಳಿದುಕೊಂಡಳು.

ಸರ್ಕಾರದ ವ್ಯಾಪಾರ ಇಲಾಖೆಯ ಸಾಹೇಬರು ಅತಿಥಿಗಳೊಂದಿಗೆ ಬಂದರು. ಗೋದಾಮಿನಲ್ಲೇ ಊಟದ ಮೇಜು. ಬಾಗಿಲು ತೆರೆದ ಮೇಲೆ ಈ ವ್ಯಾಪಾರ ಮೂರು ಪಟ್ಟು ಬೆಳೆದಿದೆ, ದೇಶವೂ ಬೆಳೆಯುತ್ತಿದೆ ಎಂದು ಭಾಷಣ ಮಾಡಿದರು. ಧಣಿ ಅರದಕ್ಕನನ್ನು ಮುಂದೆ ತಳ್ಳಿ, ಬೀಗವೊಂದನ್ನು ತೆಗೆದು ತೋರಿಸು ಎಂದ.

ತೆಗೆದಳು. ಆಮೇಲೆ ಹಳೆಯ ಅಭ್ಯಾಸಬಲದಿಂದ ಅದೇ ಬೀಗದ ಕೈಯನ್ನು ಮಗ್ಗುಲ ಬೀಗಕ್ಕೂ ಹಾಕಿ ತಿರುಗಿಸಿದಳು. ಮಗ್ಗುಲದ್ದು ತೆರೆಯಕೂಡದು, ತೆರೆದರೆ ಅದು ಬೀಗವೇ ಅಲ್ಲ ಎಂದು ಅವಳಿಗೆ ಕಲಿಸಿದವನು ಧಣಿಯ ಅಪ್ಪ.

ಟಕ್ಕೆಂದು ತೆರೆಯಿತು. ಮೂರನೆಯದೂ ತೆರೆಯಿತು.

ಅತಿಥಿಯೊಬ್ಬ ಕಿಸಕ್ಕನೆ ನಕ್ಕ. ಧಣಿ ಎಲ್ಲರೆದುರೇ ಅವಳ ಕೆನ್ನೆಗೆ ಬಾರಿಸಿದ.

“ಕೀ ಅದಲುಬದಲು ಮಾಡ್ದೆ, ತಪ್ಪು ನಂದು ಅನ್ನು. ಕೈ ಮುಗಿದು ಅನ್ನೇ.”

ಮಗಳನ್ನು ನೆನೆದು ಕೈ ಮುಗಿದಳು, ಅಂದಳು. ಅಂದದ್ದಕ್ಕೆ ತನ್ನ ಮೇಲೇ ಹೇಸಿಗೆಯಾಯಿತು.

“ನಾಳೆಯಿಂದ ಬರಬೇಡ,” ಎಂದ ಧಣಿ, ಸಾಹೇಬರ ತಟ್ಟೆಗೆ ಬಡಿಸುತ್ತ. “ಬಾಗಿಲು ಎಳ್ಕೊಂಡು ಹೋಗು, ನೊಣ ಬರುತ್ವೆ.”

ಗೋದಾಮಿಗೆ ಇದ್ದದ್ದು ಆ ಕಬ್ಬಿಣದ ಬಾಗಿಲೊಂದೇ. ಹೊರಗಿನ ಚಿಲಕದಲ್ಲಿ ಹಳೆಯ ಬೀಗ ತೂಗುತ್ತಿತ್ತು, ಅವಳೇ ಕೊರೆದ ಬೀಗದ ಕೈ ಅದರಲ್ಲೇ ಇತ್ತು. ಬಾಗಿಲೆಳೆದು, ಚಿಲಕ ಹಾಕಿ, ಬೀಗ ಜಡಿದಳು. ಹೊಸ್ತಿಲ ಹೊರಗೆ ಕೂತು ಸೊಂಟದಿಂದ ಅರ ತೆಗೆದು ಬೀಗದ ಕೈಯ ಹಲ್ಲು ಉಜ್ಜಿ ಸವೆಸತೊಡಗಿದಳು.

ಒಳಗಿನಿಂದ ಮೊದಲು ಬೈಗುಳ ಬಂತು, ಆಮೇಲೆ ಬಡಿತ. ಕೊನೆಗೆ ಧಣಿಯ ದನಿ ಮೆತ್ತಗಾಯಿತು.

“ಬಾಗಿಲು ತೆಗಿಯಮ್ಮಾ. ನಿನ್ನ ಮಗ ಇದ್ದ ಹಾಗೆ ನಾನು.”

“ಬಾಗಿಲು ತೆಗೆದೇ ಅಲ್ವೇನೋ ಬೋಳಿಮಗನೆ, ನಾವು ಹಾಳಾಗಿದ್ದು.”

ಹಿತ್ತಾಳೆಯ ಪುಡಿ ಅವಳ ಪಾದದ ಮೇಲೆ ಉದುರುತ್ತಿತ್ತು. ಐದು ಹಲ್ಲುಗಳಲ್ಲಿ ಇನ್ನು ಎರಡು ಉಳಿದಿದ್ದವು.