ವೆರೋನಿಕಾಳ ವಿಳಾಸ

ನಾಯಿಗೆ ಒಂದೇ ಉಸಿರಿನ ಹೆಸರಿಡಬೇಕು ಅನ್ನುವುದು ಆ ಕುರಿಸೀಮೆಯ ಕಾನೂನು. ಟಿಪ್, ಡಸ್ಟ್, ಜೆಟ್, ಬ್ಲೂ. ಬಯಲಿನ ಆ ತುದಿಗೆ ಕೂಗಿದರೂ ಗಾಳಿ ನುಂಗದಂಥ ಹೆಸರು. ರೀಸ್ ಟ್ರೆಲೋರ್‌ಗೆ ಇದು ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೇ ಅವನು ಕೆಲ್ಪಿ ಜಾತಿಯ ತನ್ನ ಕೆಂಪು ಕುರಿನಾಯಿ ಮರಿಗೆ ವೆರೋನಿಕಾ ಎಂದು ಹೆಸರಿಟ್ಟ.

ಅದು ಹದಿನೈದನೇ ವಯಸ್ಸಿನಲ್ಲಿ ಅವನನ್ನು ಶಾಲೆಯಿಂದ ಹೊರಗಟ್ಟಿದ ಹೆಡ್‌ಮಿಸ್ಟ್ರೆಸ್ಸಿನ ಹೆಸರು. “ನಿನ್ನಂಥವನು ಎಲ್ಲೂ ನೆಲೆ ನಿಲ್ಲಲ್ಲ” ಎಂದಿದ್ದಳು ಆಕೆ. ಈಗ ದಿನಕ್ಕೆ ಹತ್ತು ಸಲ “ವೆರೋನಿಕಾ, ಸೀಟಿನ ಮೇಲೆ ಉಚ್ಚೆ ಹೊಯ್ಬೇಡ!” ಎಂದು ಗದರುವಾಗ ಎಂಟು ವರ್ಷದ ಹಳೆಯ ಮುಳ್ಳೊಂದು ಅವನ ಎದೆಯಿಂದ ಕೂದಲೆಳೆಯಷ್ಟು ಹೊರಗೆ ಬರುತ್ತಿತ್ತು.

ಅವನು ಬೇಲಿ ಹಾಕುವವನು. ಬಾಡಿಗೆಗಿದ್ದ ಮನೆ ಯಾರಿಗೋ ಮಾರಾಟವಾಗಿ, ತಂತಿ ಬಿಗಿಯುವ ಸಾಮಾನು, ಸುರುಳಿ ಹಾಸಿಗೆ, ಮರಿ ಇಷ್ಟನ್ನೂ ಹಿಂಬದಿ ತೆರೆದ ಯೂಟ್ ಗಾಡಿಗೆ ತುಂಬಿಕೊಂಡು ಹೊರಟು ಮೂರು ವಾರವಾಗಿತ್ತು. ಐದು ಊರು ನೋಡಿದ. ಐದೂ ಕಡೆ ಬಾಡಿಗೆ ಅರ್ಜಿಯಲ್ಲಿ ಒಂದೇ ಪ್ರಶ್ನೆ: ಸಾಕುಪ್ರಾಣಿ ಇದೆಯೇ? ಐದನೇ ಊರಿನ ಬಾಡಿಗೆ ಕಚೇರಿಯ ಹೆಂಗಸು ಪಾಪದವಳು. ಪೆನ್ನು ಅವನ ಕಡೆ ತಳ್ಳಿ ಮೆಲ್ಲಗೆ ಹೇಳಿದಳು: “ಇಲ್ಲ ಅಂತ ಬರಿ, ಪುಟ್ಟಾ. ಎಲ್ಲರೂ ಹಂಗೇ ಬರೆಯೋದು. ಮೂರು ತಿಂಗಳಿಗೊಂದ್ಸಲ ಮನೆ ನೋಡೋಕೆ ಬಂದಾಗ ಮರೀನ ಎಲ್ಲಾದ್ರೂ ಬಚ್ಚಿಟ್ರಾಯ್ತು.”

“ನನ್ನ ಮನೇಲಿ ನನ್ನ ನಾಯೀನ ನಾನು ಕಂಬಳಿ ಕೆಳಗೆ ಮುಚ್ಚಿಡಬೇಕಾ?”

“ಅದು ನಿನ್ನ ಮನೆ ಅಲ್ವಲ್ಲಪ್ಪಾ.”

ರೀಸ್ ‘ಇದೆ’ ಎಂದು ಇಡೀ ಸಾಲು ತುಂಬುವಷ್ಟು ದಪ್ಪಕ್ಷರದಲ್ಲಿ ಬರೆದು ಎದ್ದು ಬಂದ. ಮನೆ ಸಿಗಲಿಲ್ಲ.

ಅದಾದ ಮೇಲೆ ಸಿಕ್ಕಿದ್ದು ಯಾರಂಬುಲಾ ಎಂಬ ದೊಡ್ಡ ಕುರಿ ಜಮೀನಿನ ಕೆಲಸ. ಅಲ್ಲಿಯ ಮ್ಯಾನೇಜರ್ ಹ್ಯಾಡೊ ಕೆಂಪು ಮೋರೆಯ ಧಡೂತಿ ಮನುಷ್ಯ. ಮಾತಿಗೊಮ್ಮೆ ನಗುತ್ತಿದ್ದ, ಕಣ್ಣು ಮಾತ್ರ ನಗುತ್ತಿರಲಿಲ್ಲ. ವರ್ಷಪೂರ್ತಿ ಬೇಲಿ ಕೆಲಸ, ಜೊತೆಗೆ ಇರಲಿಕ್ಕೊಂದು ತಗಡಿನ ಮನೆ. ಮನೆಗೆ ಜಗಲಿ, ಪಕ್ಕದಲ್ಲಿ ನೀರಿನ ತೊಟ್ಟಿ, ಹಿಂದೆ ಒಂದು ನಿಂಬೆ ಗಿಡ. ಹಿತ್ತಲ ಬೇಲಿ ಒಂದು ಮೂಲೆಯಲ್ಲಿ ಒರಗಿತ್ತು. ನೋಡಿದ ಕ್ಷಣವೇ ರೀಸ್ ಮನಸ್ಸಿನಲ್ಲಿ ಆ ಮೂಲೆಗೆ ಎರಡು ಗೂಟ ಬಡಿದು, ತಂತಿ ಬಿಗಿದು, ಮರಿಯನ್ನು ಒಳಗೆ ಬಿಟ್ಟೂ ಆಗಿತ್ತು.

“ಮರಿ ಹೆಸರೇನೋ?” ಕೇಳಿದ ಹ್ಯಾಡೊ.

“ವೆರೋನಿಕಾ.”

ಕುರಿ ದೊಡ್ಡಿಯ ಬೇಲಿಯ ಮೇಲೆ ಕೂತಿದ್ದ ಆಳುಗಳು ಹೋ ಎಂದರು. “ಅವಳನ್ನ ಕೂಗಿ ಮುಗಿಸೋದ್ರಲ್ಲಿ ಕುರಿ ಪಕ್ಕದ ಜಿಲ್ಲೇಲಿರ್ತವೆ ಗುರು!” ಎಂದನೊಬ್ಬ.

“ಯಾರಂಬುಲಾದಲ್ಲಿ ಕೂತು ತಿನ್ನೋ ನಾಯಿ ಇಟ್ಕೊಳ್ಳಲ್ಲ” ಎಂದ ಹ್ಯಾಡೊ. “ಕುರಿ ಕಂಡ್ರೆ ಕಣ್ಣರಳುತ್ತಾ ನೋಡೋಣ. ಬಿಡು ದೊಡ್ಡಿಗೆ.”

ಹನ್ನೊಂದು ವಾರದ ಮರಿ. ಹಾಲುಹಲ್ಲು. ದೊಡ್ಡಿಯಲ್ಲಿದ್ದದ್ದು ಮರಿ ಹಾಕಿದ ಹಳೆಯ ಹೆಣ್ಣುಕುರಿಗಳು. ನಾಯಿಯ ವಾಸನೆಗೇ ಕಾಲು ನೆಲಕ್ಕೆ ಅಪ್ಪಳಿಸುವಂಥವು. ಇಷ್ಟು ಎಳೆಯ ಮರಿಯನ್ನು ಅಂಥ ಕುರಿಗಳ ನಡುವೆ ಬಿಡಬಾರದು, ಒಂದು ಗುದ್ದು ತಿಂದರೆ ಜನ್ಮಪೂರ್ತಿ ಕುರಿ ಕಂಡರೆ ಬಾಲ ಮಡಚುತ್ತದೆ ಎಂಬುದು ಬೇಲಿ ಮೇಲೆ ಕೂತ ಪ್ರತಿಯೊಬ್ಬನಿಗೂ ಗೊತ್ತಿತ್ತು. ರೀಸ್‌ಗೂ ಗೊತ್ತಿತ್ತು. ಆದರೆ ಅವನ ಕಣ್ಣ ಮುಂದೆ ಆ ನಿಂಬೆ ಗಿಡ ನಿಂತಿತ್ತು. ಹ್ಯಾಡೊ ಕಸಿದುಕೊಳ್ಳಲಿಲ್ಲ, ಯಾರೂ ಬಲವಂತ ಮಾಡಲಿಲ್ಲ. ರೀಸ್ ತನ್ನ ಎರಡೂ ಕೈಯಿಂದ, ತಾನೇ, ಅವಳನ್ನು ಒಳಗಿಳಿಸಿದ.

ಮರಿ ಬಾಲ ಅಲ್ಲಾಡಿಸುತ್ತ ನಾಲ್ಕು ಹೆಜ್ಜೆ ಹೋಯಿತು. ಮುದಿ ಕುರಿಯೊಂದು ತಲೆ ತಗ್ಗಿಸಿ ಬಂತು. ಗುದ್ದಿದ ಸದ್ದು ಮರದ ಬೇಲಿಗೆ ಸುತ್ತಿಗೆ ಬಡಿದಂತಿತ್ತು. ಮರಿ ಹೋಗಿ ಬೇಲಿಯ ಹಲಗೆಗೆ ಅಪ್ಪಳಿಸಿತು. ಕುರಿ ಮತ್ತೆ ಬಂತು. ರೀಸ್ ಒಳಗೆ ಹಾರಿ ಅವಳನ್ನು ಬಾಚಿಕೊಳ್ಳುವಷ್ಟರಲ್ಲಿ ಗೊರಸು ಕಿವಿಯನ್ನು ಸೀಳಿತ್ತು. ಅವಳು ಅರಚಿದಳು. ಆಮೇಲೆ ಅರಚುವುದನ್ನೂ ನಿಲ್ಲಿಸಿದಳು. ಬೇಲಿ ಮೇಲೆ ನಗುವೂ ನಿಂತಿತು.

“ಹಾಳಾಯ್ತು ಬಿಡು” ಎಂದ ಹ್ಯಾಡೊ, ಚಹಾ ತಣ್ಣಗಾಯಿತು ಅನ್ನುವ ದನಿಯಲ್ಲಿ. “ಕೆಲಸ ನಿಂದೇ, ಮನೆ ನಿಂದೇ. ಅದನ್ನಿಲ್ಲಿ ಬಿಟ್ಹೋಗು, ನಾನು ನೋಡ್ಕೋತೀನಿ. ನನ್ನ ಗೂಡಿನಿಂದ ಪಳಗಿದ ನಾಯಿ ಒಂದು ಕೊಡ್ತೀನಿ.”

ನೋಡಿಕೊಳ್ಳುವುದು ಅಂದರೆ ಏನೆಂದು ರೀಸ್‌ಗೆ ಗೊತ್ತಿತ್ತು. ಮ್ಯಾನೇಜರನ ಯೂಟಿನಲ್ಲಿ, ಸೀಟಿನ ಹಿಂದೆಯೇ ಬಂದೂಕಿತ್ತು.

“ನಿನ್ನ ಮನೆ ನೀನೇ ಇಟ್ಕೋ. ನಿನ್ನ ಬೇಲಿ ನೀನೇ ಬಿಗಿ. ಒಂದು ಮುದಿ ಕುರೀನ ಮ್ಯಾನೇಜರ್ ಮಾಡಿದ್ರೂ ನಿನಗಿಂತ ವಾಸಿ.”

“ತಿಂಗಳೊಪ್ಪತ್ತಲ್ಲಿ ವಾಪಸ್ ಬರ್ತೀಯ ಕಣೋ” ಮರಿ ಎತ್ತಿಕೊಂಡು ಹೊರಟವನ ಹಿಂದಿನಿಂದ ಹ್ಯಾಡೊ ಕೂಗಿದ. “ಕೆಟ್ಟ ನಾಯಿ ಕಟ್ಕೊಂಡು ಎಲ್ಲಿ ನಿಲ್ತೀಯ ನೀನು?”

ಎಂಟು ವರ್ಷದ ಹಿಂದಿನ ಅದೇ ಮಾತು, ಬಾಯಿ ಮಾತ್ರ ಬೇರೆ.

ಅವನು ನಿಂತದ್ದು ಹೊಳೆಯ ಸೇತುವೆಯ ಬಳಿ, ನೀಲಗಿರಿ ಜಾತಿಯ ಗಮ್ ಮರಗಳ ಕೆಳಗೆ. ಬಿಟ್ಟಿ ಬಿಡಾರದ ಜಾಗ. ಹಲಗೆಯಲ್ಲಿ ಬರೆದಿತ್ತು: ಎಪ್ಪತ್ತೆರಡು ಗಂಟೆ ಮಾತ್ರ. ಪಕ್ಕದಲ್ಲಿ ನೋಲೀನ್ ಎಂಬ ಮುದುಕಿಯ ಹಳೆಯ ಕ್ಯಾರವಾನ್, ಗಾಡಿಗೆ ಕಟ್ಟಿ ಎಳೆಯುವ ಮನೆ. ಗಂಡ ಸತ್ತ ಮೇಲೆ ಆಕೆ ಆರು ವರ್ಷದಿಂದ ಅಲ್ಲೇ ಇದ್ದಳು.

“ಎಪ್ಪತ್ತೆರಡು ಗಂಟೆ ಅಂತಿದೆ?” ಎಂದ ರೀಸ್.

“ಹೊಳೆ ಮಧ್ಯದಲ್ಲಿ ಗಡಿ ಕಣಯ್ಯಾ. ಈ ದಡ ಒಂದು ಕೌನ್ಸಿಲ್ಲು, ಆ ದಡ ಇನ್ನೊಂದು. ಮೂರು ದಿನ ಇಲ್ಲಿ, ಮೂರು ದಿನ ಅಲ್ಲಿ. ಇವತ್ತಷ್ಟೇ ಈ ಕಡೆ ಬಂದೆ. ಆರು ವರ್ಷದಲ್ಲಿ ಒಂದು ಕಾನೂನೂ ಮುರಿದಿಲ್ಲ ನಾನು” ಎಂದು ಮುದುಕಿ ಹೆಮ್ಮೆಯಿಂದ ಸಿಗರೇಟಿನ ಬೂದಿ ಕೊಡವಿದಳು.

ದಾರಿಯಲ್ಲಿ ಸಿಕ್ಕ ಊರಿನ ಪಶುವೈದ್ಯೆ ಕಿವಿಗೆ ಹೊಲಿಗೆ ಹಾಕಿ, ಮೂಳೆ ಮುರಿದಿಲ್ಲ ಎಂದಿದ್ದಳು. ಆದರೆ ವೆರೋನಿಕಾ ರೀಸ್‌ನ ಹತ್ತಿರ ಬರಲಿಲ್ಲ. ನೋಲೀನಳ ಕ್ಯಾರವಾನಿನ ಮೆಟ್ಟಿಲ ಕೆಳಗೆ ನುಗ್ಗಿ ಕೂತಳು. ಕರೆದರೆ ಇನ್ನಷ್ಟು ಒಳಗೆ ಸರಿದಳು. ಸಾಸೇಜು ತೋರಿಸಿದರೆ ಮುಖ ತಿರುಗಿಸಿದಳು. ಹ್ಯಾಡೊನ ಮೇಲಿನ ಸಿಟ್ಟಾದರೆ ಬೈದು ಕಳೆಯಬಹುದಿತ್ತು. ತನ್ನದೇ ಎರಡು ಕೈಗಳ ಮೇಲಿನ ಸಿಟ್ಟನ್ನು ಏನು ಮಾಡುವುದು?

“ಕರೀಬೇಡ” ಎಂದಳು ನೋಲೀನ್. “ನಿನ್ನ ದನಿ ಕೇಳಿದ್ರೆ ಅವಳಿಗೆ ಆ ದೊಡ್ಡಿ ಕಾಣುತ್ತೆ. ಬೆನ್ನು ತಿರುಗಿಸ್ಕೊಂಡು ಕೂತ್ಕೋ. ಬಾಯಿ ಮುಚ್ಕೊಂಡು. ಆಗುತ್ತಾ ನಿನ್ನ ಕೈಲಿ?”

ಹುಟ್ಟಿದಾಗಿನಿಂದ ಬಾಯಿ ಮುಚ್ಚದವನು ಮೂರು ದಿನ ಬೆನ್ನು ತಿರುಗಿಸಿ ಕೂತ. ನೊಣ ಮುತ್ತಿದವು. ಗುಲಾಬಿ ಎದೆಯ ಗಿಳಿಗಳು ಮರದಿಂದ ಅಣಕಿಸಿದವು. ಎರಡನೇ ದಿನ ಮಧ್ಯಾಹ್ನ ಬೆನ್ನಿಗೆ ಬಿಸಿ ಉಸಿರು ತಾಕಿದಂತಾಯಿತು. ಅವನು ತಿರುಗಲಿಲ್ಲ. ಉಸಿರು ಹೊರಟುಹೋಯಿತು.

ನಾಲ್ಕನೇ ದಿನ ಬೆಳಗ್ಗೆ ಬಿಡಾರದ ಗಡುವು, ನಾಯಿಗಳ ನೋಂದಣಿ ನೋಡಿಕೊಳ್ಳುವ ಕೌನ್ಸಿಲ್ಲಿನ ರೇಂಜರ್ ಕೀತ್ ಬಂದ. ಸಣಕಲು ದೇಹ, ಎದೆಗೆ ಅವಚಿಕೊಂಡ, ಕಾಗದ ಸಿಕ್ಕಿಸಿದ ಹಲಗೆ.

“ಮಧ್ಯಾಹ್ನಕ್ಕೆ ನಿನ್ನ ಎಪ್ಪತ್ತೆರಡು ಗಂಟೆ ಮುಗಿಯುತ್ತೆ.”

“ಗೊತ್ತು.”

“ಮೆಟ್ಟಿಲ ಕೆಳಗಿರೋ ಮರಿ ಯಾರದ್ದು? ಮೂರು ತಿಂಗಳಾದಂಗಿದೆ. ಕೊರಳಲ್ಲಿ ಬಿಲ್ಲೆ ಇಲ್ಲ. ನೋಂದಣಿ ಇಲ್ಲದ ನಾಯೀನ ನಾನು ಎತ್ಕೊಂಡು ಹೋಗ್ಬೇಕಾಗುತ್ತೆ.”

“ನಂದು. ಈಗಲೇ ನೋಂದಾಯಿಸ್ಕೋ.”

ಕೀತ್ ಮೆಟ್ಟಿಲ ಕೆಳಗೆ ಬಗ್ಗಿ ನೋಡಿದ. “ನಿನ್ನ ಮುಖ ಕಂಡ್ರೆ ಒಳಗೆ ಸರೀತಾಳಲ್ಲೋ. ಕೆಲ್ಪಿ ಮರಿ ಕದಿಯೋರು ಈ ಕಡೆ ಬೇಕಾದಷ್ಟಿದ್ದಾರೆ. ನಿನ್ನದೇ ಆದ್ರೆ ಕರಿ, ನೋಡೋಣ.”

ಕರೆಯಲು ಹೋದ ರೀಸ್‌ಗೆ ಎಲ್ಲ ಮತ್ತೆ ಕಂಡಿತು: ಬೇಲಿ ಮೇಲೆ ಕೂತವರು, ನೋಡೋಣ ಎಂದ ದನಿ, ತನ್ನ ಎರಡು ಕೈ.

“ಕರೆಯಲ್ಲ.”

“ಏನು?”

“ಇನ್ನೊಬ್ಬನಿಗೆ ತೋರಿಸೋಕೆ ಅವಳನ್ನ ಇನ್ನೊಂದ್ಸಲ ಪರೀಕ್ಷೆಗೆ ನಿಲ್ಸಲ್ಲ. ಬೇಕಾದ್ರೆ ನನ್ನನ್ನ ಎತ್ಕೊಂಡು ಹೋಗು. ಅವಳನ್ನ ಮುಟ್ಟಿದ್ರೆ ಈ ಹೊಳೇಲಿ ನಿನ್ನ ಜೊತೆ ನಾನೂ ಬೀಳ್ತೀನಿ.”

“ಸುಮ್ನೆ ಕರೆದ್ರೆ ಮುಗೀತಲ್ಲೋ ಮಾರಾಯಾ!”

“ಕರೆಯಲ್ಲ ಅಂದೆ.”

ಅವನು ಯೂಟಿನ ಬಾಗಿಲು ತೆರೆದು, ಹಾಗೇ ಬಿಟ್ಟು, ಎಲ್ಲರಿಗೂ ಬೆನ್ನು ಹಾಕಿ ನೆಲದ ಮೇಲೆ ಕೂತ. ರೇಂಜರ್ ಗಡಿಯಾರ ನೋಡಿಕೊಂಡ. “ನಿಂತ್ಕೊಳೋ ಕೀತ್, ಮನೇಲಿ ನಿಂಗೇನು ಹಾಲು ಉಕ್ಕುತ್ತಾ?” ಎಂದಳು ನೋಲೀನ್.

ಬಹಳ ಹೊತ್ತಾಯಿತು. ಒಣ ಎಲೆ ಸರಸರ ಅಂದಿತು. ರೀಸ್ ತಿರುಗಲಿಲ್ಲ. ಮೆಟ್ಟಿಲ ಕೆಳಗಿಂದ ಹೊರಬಿದ್ದ ವೆರೋನಿಕಾ ರೇಂಜರನ ಬೂಟು ಮೂಸಿ ಸೀನಿದಳು. ಎಪ್ಪತ್ತೆರಡು ಗಂಟೆಯ ಹಲಗೆಯ ಬುಡಕ್ಕೆ ಹೋಗಿ, ಕುಕ್ಕರಿಸಿ, ನಿಧಾನವಾಗಿ ಉಚ್ಚೆ ಹೊಯ್ದಳು. ಆಮೇಲೆ ಕುಂಟುತ್ತ ಯೂಟಿನ ಬಳಿ ಬಂದು ಮುಂಗಾಲನ್ನು ಬಾಗಿಲ ಅಂಚಿಗಿಟ್ಟಳು. ಎಟುಕಲಿಲ್ಲ. ಅವನ ಕಡೆ ನೋಡಿ ಒಮ್ಮೆ ಬೊಗಳಿದಳು, ಗದರಿಸುವ ಹಾಗೆ. ದೊಡ್ಡಿಯ ನಂತರ ಅವಳ ಬಾಯಿಂದ ಹೊರಟ ಮೊದಲ ಸದ್ದು ಅದು.

ಅವನು ಎದ್ದು ಅದೇ ಎರಡು ಕೈಯಿಂದ ಅವಳನ್ನು ಎತ್ತಿ ಸೀಟಿನ ಮೇಲಿಟ್ಟ. ಅವಳು ಕೊಸರಲಿಲ್ಲ.

ಕೀತ್ ಪೆನ್ನು ತೆಗೆದ. “ಹೆಸರು?”

“ವೆರೋನಿಕಾ.”

“ಅಷ್ಟುದ್ದವಾ? ಇರ್ಲಿ. ವಿಳಾಸ? ವಿಳಾಸ ಇಲ್ದೆ ಬಿಲ್ಲೆ ಕೊಡೋ ಹಂಗಿಲ್ಲ.”

ಐದು ಊರು, ಐದು ಅರ್ಜಿ, ಒಂದು ನಿಂಬೆ ಗಿಡ. ರೀಸ್ ಹೊಳೆಯ ಕಡೆ ನೋಡಿದ. ಆಚೆ ದಡದ ಹೊಲಗಳ ಬೇಲಿಗಳು ಸಾಲುಸಾಲಾಗಿ ಒರಗಿದ್ದವು. ಈಚೆ ದಡದವೂ ಅಷ್ಟೇ. ಕೆಲಸಕ್ಕೆ ಬರವಿರಲಿಲ್ಲ.

“ಸೇತುವೆ ಅಂತ ಬರಿ.”

“ಯಾವ ಕಡೆ?”

“ಎರಡೂ ಕಡೆ. ಇವತ್ತಿಂದ ಇಲ್ಲೇ ಇರ್ತೀನಿ. ಯಾವನು ಎಬ್ಬಿಸ್ತಾನೋ ನೋಡ್ತೀನಿ.”

“ಅಂಥ ವಿಳಾಸ ಇರಲ್ಲ ಕಣೋ.”

“ಈಗ ಇದೆ. ಬರಿ.”

ಕೀತ್ ನೋಲೀನಳ ಮುಖ ನೋಡಿದ. ಆಕೆ ಹೊಗೆ ಬಿಟ್ಟಳು. ಅವನು ನಿಟ್ಟುಸಿರಿಟ್ಟು ಬರೆದುಕೊಂಡ, ಜೇಬಿನಿಂದ ಬಿಲ್ಲೆಯೊಂದನ್ನು ತೆಗೆದು ಕೊಟ್ಟ. “ಹನ್ನೆರಡಕ್ಕೆ ನೀನು ಆ ದಡದಲ್ಲಿರ್ಬೇಕು.”

“ಹನ್ನೊಂದೂವರೆಗೇ ಇರ್ತೀನಿ. ಗುರುವಾರ ಬಾ, ವಾಪಸ್ ಬಂದಿರ್ತೀನಿ.”

ಸೇತುವೆಯ ಹಲಗೆಗಳು ಯೂಟಿನ ಕೆಳಗೆ ಗಡಗಡ ಅಂದವು. ವೆರೋನಿಕಾ ಹೊಲಿಗೆಯ ಕಿವಿಯನ್ನು ಗಾಳಿಗೊಡ್ಡಿ ಕಿಟಕಿಯಿಂದ ತಲೆ ಹೊರಗೆ ಹಾಕಿದಳು. ಹಿಂದೆ ನೋಲೀನಳ ಕ್ಯಾರವಾನ್ ತೆವಳುತ್ತ ಬರುತ್ತಿತ್ತು.