ಎಂಟನೇ ಹಾಡಿನ ಹೆಂಗಸು

“ಸ್ವಲ್ಪ ಕೈ ಎತ್ತೋ,” ಎಂದುಬಿಟ್ಟಳು ಅಕ್ಕ, ತಮ್ಮನ ಅಂಗಿಯ ತೋಳಿಗೆ ಗುಂಡಿ ಹೊಲಿಯುತ್ತ. ಆಮೇಲೆ ತಾನೇ ಆ ತಣ್ಣನೆಯ ಕೈ ಎತ್ತಿ, ದಾರ ಸುತ್ತಿ, ಹಲ್ಲಿನಿಂದ ಕಡಿದಳು. ಬದುಕಿಡೀ ಹೊಲಿಗೆಯಲ್ಲೇ ಕಳೆದವಳು. ಕೈ ಅದರ ಪಾಡಿಗೆ ಕೆಲಸ ಮಾಡಿತ್ತು, ಬಾಯಿ ಅದರ ಪಾಡಿಗೆ ಮಾತಾಡಿತ್ತು. ಶವಪೆಟ್ಟಿಗೆಯ ಆಚೆ ನಿಂತಿದ್ದ ತಮ್ಮನ ಮಗಳು ಕೇಳಿಯೂ ಕೇಳದವಳಂತೆ ಕಿಟಕಿಯ ಕಡೆ ತಿರುಗಿದಳು.

“ಅತ್ತೆ, ಹೊರಗೆ ಯಾರೋ ಬಂದಿದಾರೆ. ಲಿಫ್ಟ್ ಕಂಪನಿಯೋರಲ್ಲ.”

“ಮತ್ಯಾರು?”

“ಅಪ್ಪನ ಅಭಿಮಾನಿಗಳಂತೆ.”

“ಲಿಫ್ಟ್ ರಿಪೇರಿಗೂ ಅಭಿಮಾನಿಗಳು ಇರ್ತಾರೇನೇ?” ಎಂದಳು ಅಕ್ಕ. ಆದರೆ ಬಂದವರು ಯಾವ ಕಡೆಯವರೆಂದು ಅವಳಿಗೆ ಹೊಳೆದಿತ್ತು. ಸೂಜಿಯನ್ನು ಸೆರಗಿನ ತುದಿಗೆ ಚುಚ್ಚಿಕೊಂಡು ಹೊರಗೆ ಬಂದಳು.

ಹೊರಗಿನ ಕೋಣೆಯಲ್ಲಿ ಮಡಚುವ ಕುರ್ಚಿಗಳು, ಒಂದು ಮೂಲೆಯಲ್ಲಿ ಚಹಾದ ಪಾತ್ರೆ. ತಮ್ಮನ ಜೊತೆ ಕೆಲಸ ಮಾಡಿದ ಲಿಫ್ಟಿನವರು ಗೋಡೆಗೆ ಒರಗಿ, ಕೈಕಟ್ಟಿ ಸಾಲಾಗಿ ನಿಂತಿದ್ದರು. ನಡುವೆ ಇಬ್ಬರು ಅಪರಿಚಿತರು. ಒಬ್ಬಳು ಹಲ್ಲಿನ ಡಾಕ್ಟರು. ಬೆಲೆಬಾಳುವ ಕೋಟಿನ ಮೇಲೆ ಹಳೆಯ ಬ್ಯಾಂಡೊಂದರ ತುಕ್ಕು ಹಿಡಿದ ಬ್ಯಾಡ್ಜು. ಇನ್ನೊಬ್ಬ ಬೇಕರಿಯವನು. ಅವನ ಕಪ್ಪು ಚರ್ಮದ ಜಾಕೆಟ್ಟಿನ ಎರಡು ಅಂಚುಗಳು ಹೊಟ್ಟೆಯ ಆಚೆಗೊಂದು ಈಚೆಗೊಂದು ನಿಂತು, ಒಂದರ ಮುಖ ಒಂದು ನೋಡದ ಹಾಗಾಗಿದ್ದವು. ಗೇಟಿನ ಹತ್ತಿರ ಪರಿಚಯವಾದವರು ಒಂದು ಲೋಟ ಚಹಾ ಮುಗಿಯುವಷ್ಟರಲ್ಲಿ ಜಗಳಕ್ಕೆ ನಿಂತಿದ್ದರು.

ಜಗಳ ತಮ್ಮನ ಬ್ಯಾಂಡಿನ ಒಂದೇ ಒಂದು ರೆಕಾರ್ಡಿನ ಬಗ್ಗೆ. ಅದರ ಹೆಸರು ‘ಸದ್ದು ಮಾಡಬೇಡಿ’. ಪಂಕ್ ಸಂಗೀತವೆಂದರೆ ಹಿರಿಯರು ಕಿವಿ ಮುಚ್ಚಿಕೊಳ್ಳುತ್ತಿದ್ದ ಕಾಲದ್ದು.

“ಮೊದಲ್ನೇ ಸೈಡು ಬರೀ ಅರಚಾಟ,” ಎಂದಳು ಡಾಕ್ಟರು. “ರೆಕಾರ್ಡು ಶುರುವಾಗೋದೇ ಎರಡನೇ ಸೈಡಲ್ಲಿ.”

“ಅರಚಾಟಕ್ಕೇ ಅಲ್ವಾ ಮೇಡಂ ನಾವು ಕೊಂಡಿದ್ದು? ಜೋಗುಳ ಬೇಕಿದ್ರೆ ಮನೇಲೇ ಇರ್ತಿದ್ವಿ.”

“ಐದನೇ ಹಾಡಂತೂ ಕಸ.”

“ಐದನೇ ಹಾಡನ್ನ ಕಸ ಅನ್ನೋರ ಕೈಲಿ ನಾನು ಹಲ್ಲು ಕೀಳಿಸಿಕೊಳ್ಳಲ್ಲ.”

ಲಿಫ್ಟಿನವರಲ್ಲಿ ಹಿರಿಯನೊಬ್ಬ ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದ. “ಅಲ್ಲ, ನಮ್ಮಣ್ಣ ಡ್ರಮ್ ಬಾರಿಸ್ತಿದ್ನಾ? ಬಾಗಿಲು ಜೋರಾಗಿ ಹಾಕಿದ್ರೂ ಬೈತಿದ್ನಲ್ರೀ ಆಸಾಮಿ!”

“ಬಾರಿಸ್ತಿದ್ದ ಅಂದ್ರೆ! ಎಂಟನೇ ಹಾಡು ಕೇಳಿ ಸ್ವಾಮಿ,” ಎಂದ ಬೇಕರಿಯವನು. “ಸಿಡಿಲು ಹೊಡೆದ ಹಾಗೆ ಬಾರಿಸ್ತಾ ಇರ್ತಾನೆ. ನಡುವೆ ಯಾವುದೋ ಹೆಂಗಸಿನ ದನಿ ಬರುತ್ತೆ, ಎರಡೇ ಮಾತು. ಡ್ರಮ್ ನಿಂತೇ ಹೋಗುತ್ತೆ. ಗಿಟಾರ್ ಒಂದೇ ಸ್ವಲ್ಪ ದೂರ ಹೋಗಿ ಅದೂ ಬಿದ್ದುಹೋಗುತ್ತೆ. ಅಲ್ಲಿಗೆ ರೆಕಾರ್ಡ್ ಮುಗೀತು.”

“‘ನಮ್ಮ ಬದುಕು’ ಅಂತಾಳೆ ಅವಳು,” ಎಂದಳು ಡಾಕ್ಟರು. ದನಿ ತಗ್ಗಿತ್ತು. “ಮನೇಲಿ ನನ್ನ ಮದುವೆ ಗೊತ್ತು ಮಾಡಿದ್ರು. ಹುಡುಗ ಯಾರು ಅಂತಾನೂ ನಾನು ನೋಡಿರ್ಲಿಲ್ಲ. ಆ ಎರಡು ಮಾತು ಕೇಳಿ ಕೇಳಿ, ಒಂದು ದಿನ ಓದ್ತೀನಿ ಅಂತ ಮನೆ ಬಿಟ್ಟೆ.”

“ಅಲ್ಲ ಮೇಡಂ. ‘ಸುಮ್ನೆ ಬಿಡು’ ಅಂತಾಳೆ. ನಾನು ಕುಡಿಯೋದು ಬಿಟ್ಟಿದ್ದೇ ಅದನ್ನ ಕೇಳಿ. ಬಿಡು ಬಿಡು ಅಂತ ಊರೇ ಹೇಳಿತ್ತು, ಹೀಗೆ ಯಾರೂ ಹೇಳಿರ್ಲಿಲ್ಲ.” ಬೇಕರಿಯವನು ತಲೆ ಕೆರೆದುಕೊಂಡ. “ಪಾಪ, ಹೋದವರ ಬಗ್ಗೆ ಹೇಳಬಾರದು. ಡ್ರಮ್ ನಿಂತಿದ್ದಕ್ಕೆ ಅವನೂ ಕುಡಿದಿದ್ದೇ ಕಾರಣ ಅಂತಾರೆ. ಎಲ್ಲರಿಗೂ ಗೊತ್ತಿರೋ ವಿಷಯ.”

ಅಕ್ಕನ ಹಿಂದೆಯೇ ಹೊರಬಂದಿದ್ದ ತಮ್ಮನ ಮಗಳ ಮುಖ ಕೆಂಪಾಯಿತು. ಅವಳು ಬಾಯಿ ತೆರೆಯುವ ಮೊದಲೇ ಅಕ್ಕ ಹೇಳಿದಳು: “ಅವನು ಕುಡಿದಿರ್ಲಿಲ್ಲ. ಆ ಹೆಂಗಸು ನಾನೇ.”

*

ಜಮಖಾನೆ ಗೋದಾಮಿನ ಹಿಂದಿನ ಕೋಣೆ ಅದು. ಬ್ಯಾಂಡಿನ ನಾಲ್ಕು ಹುಡುಗರು ಯಾರ್ಯಾರ ಕೈಕಾಲೋ ಹಿಡಿದು ರೆಕಾರ್ಡಿಂಗಿಗೆಂದು ಒಂದು ದಿನದ ಮಟ್ಟಿಗೆ ಅದನ್ನು ದಕ್ಕಿಸಿಕೊಂಡಿದ್ದರು. ಅಕ್ಕ ಕೊರಳಲ್ಲಿ ಅಳತೆ ಟೇಪು ನೇತಾಡುತ್ತಿದ್ದ ಹಾಗೆಯೇ ಓಡಿ ಬಂದಳು. ಬಾಗಿಲ ಮೇಲೆ ಕೆಂಪು ದೀಪ ಉರಿಯುತ್ತಿತ್ತು. ಅದರ ಅರ್ಥ ಅವಳಿಗೆ ಗೊತ್ತಿರಲಿಲ್ಲ, ಗೊತ್ತಿದ್ದರೂ ನಿಲ್ಲುತ್ತಿರಲಿಲ್ಲ. ಬಾಗಿಲು ತಳ್ಳಿದಳು. ಒಳಗಿನ ಗದ್ದಲ ಎದೆಗೆ ಗುದ್ದಿದಂತಾಯಿತು.

“ಅಮ್ಮ ಬಿದ್ಲು,” ಎಂದಳು.

ತಮ್ಮ ಅವಳ ಮುಖ ನೋಡಿದ. ಎತ್ತಿದ ಕೈ ಇಳಿಸಿ, ಕೋಲುಗಳನ್ನು ಡ್ರಮ್ಮಿನ ಮೇಲೆ ಸದ್ದಾಗದಂತೆ ಇಟ್ಟು, ಎದ್ದು ಬಂದ. ದಾರಿಯಲ್ಲಿ ಕೇಳಿದ್ದು ಒಂದೇ ಮಾತು: “ಎಚ್ಚರ ಇದೆಯಾ?”

ಅಮ್ಮನಿಗೆ ಎಚ್ಚರವಿತ್ತು. ಒಂದು ಮಗ್ಗುಲು ಮಾತ್ರ ಹೋಗಿತ್ತು. ಹಾಸಿಗೆಯಲ್ಲಿ ಹನ್ನೊಂದು ವರ್ಷ ಬಾಳಿದಳು. ಅಕ್ಕ ಬೆಳಗ್ಗೆ ಅಮ್ಮನನ್ನು ನೋಡಿಕೊಂಡು ಮಧ್ಯಾಹ್ನ ಹೊಲಿಗೆಗೆ ಕೂರುವಳು; ತಮ್ಮ ಬೆಳಗಿನ ಪಾಳಿ ಸಿಗುವುದೆಂದು ಲಿಫ್ಟ್ ಕಂಪನಿ ಸೇರಿದ. ಮನೆಗೆ ಬಂದವನೇ ಕೈಯ ಗ್ರೀಸು ಉಜ್ಜಿ ತೊಳೆದು, ಅಮ್ಮನನ್ನು ಮಗುವಿನಂತೆ ಎತ್ತಿ ಮಗ್ಗುಲು ಬದಲಿಸುವನು. ಬ್ಯಾಂಡು ಬೇರೊಬ್ಬನನ್ನು ಕಟ್ಟಿಕೊಂಡು ನಾಲ್ಕು ದಿನ ಕುಂಟಿ ಮುರಿದುಬಿತ್ತು. ಡ್ರಮ್ಮು ಹಾಡುಗಾರನ ಮನೆ ಸೇರಿತು.

ಆ ವಿಷಯ ಅವನು ಎತ್ತಲಿಲ್ಲ, ಅಕ್ಕನೂ ಕೆದಕಲಿಲ್ಲ. ರೆಕಾರ್ಡು ಬಂದಾಗ ಅವನು ಬೀರುವಿನ ಮೇಲಿಟ್ಟ. ಅದನ್ನು ಹಾಕಿ ಕೇಳುವ ಧೈರ್ಯ ಅವಳಿಗಾಗಲಿಲ್ಲ. ಎಲ್ಲಾದರೂ ವಾದ್ಯ ಕೇಳಿಸಿದರೆ ಅವಳ ಕಣ್ಣು ಕಳ್ಳತನದಿಂದ ತಮ್ಮನ ಕೈಗಳ ಕಡೆ ಹೋಗುತ್ತಿತ್ತು. ಅವು ಜೇಬಿನೊಳಗಿರುತ್ತಿದ್ದವು. ನಾನೇ ನಿಲ್ಲಿಸಿಬಿಟ್ಟೆನೇನೋ ಎಂಬ ಮಾತು ಗಂಟಲವರೆಗೆ ಬಂದು ಹಾಗೇ ಇಳಿಯುತ್ತಿತ್ತು.

*

ಇದನ್ನೆಲ್ಲ ಅಕ್ಕ ಮೂರು ಮಾತಿನಲ್ಲಿ ಹೇಳಿ ಮುಗಿಸಿದಳು. ಬೇಕರಿಯವನು ಲೋಟ ಕೆಳಗಿಟ್ಟ.

“ಅಮ್ಮ ಬಿದ್ಲು,” ಎಂದು ಬಾಯಲ್ಲೇ ಹೇಳಿ ನೋಡಿದ. “ತಪ್ಪಾಯ್ತಮ್ಮ. ಕುಡಿದಿದ್ದ ಅಂದೆನಲ್ಲ.”

ಡಾಕ್ಟರು ಕುರ್ಚಿಯಲ್ಲಿ ಕುಸಿದಳು. “ಹಾಗಾದ್ರೆ ನಾನು ಮನೆ ಬಿಟ್ಟಿದ್ದು…”

“ಒಳ್ಳೇದೇ ಆಯ್ತಲ್ಲಮ್ಮ,” ಎಂದಳು ಅಕ್ಕ. “ಹಲ್ಲಿನ ಡಾಕ್ಟರಾದ್ರಿ.”

ಆಗಲೇ ಬಾಗಿಲಲ್ಲಿ ನಿಂತಿದ್ದ ಮುದುಕನೊಬ್ಬ ಕೋಲೂರಿಕೊಂಡು ಒಳಗೆ ಬಂದ. ಹಿಂದೆ ಬ್ಯಾಂಡಿನಲ್ಲಿ ಹಾಡುತ್ತಿದ್ದವನು ಅವನೇ. ಅರಚಿ ಅರಚಿ ಆಗಲೇ ಹೋಗಿದ್ದ ಗಂಟಲು, ಈಗ ಪಿಸುಮಾತಿನಷ್ಟೇ ಉಳಿದಿತ್ತು.

“ಅಕ್ಕ, ನಿಮ್ಮ ದನಿ ಅಳಿಸಬೇಕು ಅಂತ ಹಟ ಹಿಡಿದಿದ್ದೋನು ನಾನು. ಹಾಡು ಕೆಟ್ಟಿದೆ, ಇನ್ನೊಂದ್ಸಲ ಬಾರಿಸು ಬಾ ಅಂತ ಇವನನ್ನ ಕರೆಸಿದ್ದೆ. ಆಸ್ಪತ್ರೆಯಿಂದ ನೇರ ಬಂದ. ಟೇಪ್ ಕೇಳಿ ‘ಇರ್ಲಿ ಬಿಡು’ ಅಂದ. ಯಾಕೋ ಅಂದೆ. ‘ಅಕ್ಕನ ಮಾತು ಸರಿಯಾಗಿ ತಾಳಕ್ಕೆ ಬಿದ್ದಿದೆ. ನಿನ್ನ ಕೈಲಿ ಇಡೀ ದಿನ ಅದು ಆಗ್ಲಿಲ್ಲ’ ಅಂದ.”

ಲಿಫ್ಟಿನವರು ಗೊಳ್ಳೆಂದು ನಕ್ಕು, ಎಲ್ಲಿದ್ದೇವೆಂದು ನೆನಪಾಗಿ ಬಾಯಿಗೆ ಕೈ ಅಡ್ಡ ಇಟ್ಟರು. ಅಕ್ಕ ನಗಲಿಲ್ಲ.

“ಸಿಟ್ಟಲ್ಲಿ ಅಂದ್ನಾ?”

“ನಗ್ತಾ ಅಂದ. ಆಮೇಲೆ ಅಲ್ಲೇ ಕೂತು ಆ ಜಾಗಾನ ಮತ್ತೆ ಮತ್ತೆ ಹಾಕಿಸಿ ಕೇಳ್ದ.”

ಅಕ್ಕ ಒಳಗೆ ಹೋದಳು. ಮಗಳು ಹಿಂದೆ ಹೋಗಲು ನೋಡಿದಾಗ ಹಾಡುಗಾರ ತಲೆಯಾಡಿಸಿ ತಡೆದ. ಸ್ವಲ್ಪ ಹೊತ್ತಿನ ಮೇಲೆ ಅಕ್ಕ ತಾನೇ ಬಾಗಿಲು ತೆರೆದು, “ಇನ್ನು ಎತ್ತಿ,” ಎಂದಳು. ಅವಳ ಕಣ್ಣುಗಳು ಕೆಂಪಾಗಿದ್ದವು.

ಸ್ಮಶಾನದಲ್ಲಿ ಗುಣಿಯ ಕೆಲಸದವರು ಹಗ್ಗ ಹಿಡಿದು ಮುಂದೆ ಬಂದರು. ಹಿರಿಯ ಲಿಫ್ಟಿನವನು ಅವರ ಕೈಯಿಂದ ಹಗ್ಗ ತೆಗೆದುಕೊಂಡ. “ನಮ್ಮವನನ್ನ ನಾವೇ ಇಳಿಸ್ತೀವಿ.” ಬೇಕರಿಯವನೂ ಒಂದು ತುದಿ ಹಿಡಿದ; ಕಾಲು ಹೀಗಿಡಿ, ಹಗ್ಗ ಬಿಗಿ ಹಿಡೀಬೇಡಿ ಎಂದು ಲಿಫ್ಟಿನವರು ಅವನಿಗೆ ಹೇಳಿಕೊಟ್ಟರು. ಡಾಕ್ಟರು ಮಗಳ ಪಕ್ಕಕ್ಕೆ ಬಂದು ನಿಂತಳು.

“ಅಕ್ಕಾವ್ರೇ, ನೀವು ಹೇಳಿ,” ಎಂದ ಹಿರಿಯ. “ಮೇಲಿಂದ ಒಬ್ರು ಹೇಳ್ದೆ ನಾವು ಏನನ್ನೂ ಇಳಿಸಲ್ಲ. ಇವನೇ ಕಲಿಸಿದ್ದು ನಮಗೆ.”

ಎಲ್ಲರೂ ಅವಳ ಕಡೆ ನೋಡಿದರು. ಅಕ್ಕ ಗಂಟಲು ಸರಿಮಾಡಿಕೊಂಡಳು.

“ಇಳಿಸಿ.”

ಹಗ್ಗಗಳು ಅಂಗೈಗಳ ನಡುವೆ ಹರಿಯತೊಡಗಿದವು. ಪೆಟ್ಟಿಗೆ ಒಂದು ಕಡೆಗೂ ವಾಲದೆ, ಗೋಡೆಯ ಮಣ್ಣಿಗೂ ತಾಗದೆ, ತುಂಬಿದ ಲೋಟ ಇಟ್ಟಿದ್ದರೂ ತುಳುಕದ ಹಾಗೆ ಇಳಿಯಿತು. ತಳ ಮುಟ್ಟಿದ್ದು, ಹಗ್ಗ ಸಡಿಲಾದಾಗಷ್ಟೇ ಗೊತ್ತಾಯಿತು.